ಎಂಟು ವರ್ಷದ ನಂತರವೂ ಹೇಳಬೇಕಾದ ಮಾತು

ಡಬ್ಲಿನ್ನಿನ ಬ್ಯೂಮಾಂಟ್‌ನ ಬಾಡಿಗೆ ಮನೆಗೆ ಬಂದ ಮೊದಲ ವಾರ, ಚಿಲಕ ಹಾಕಿದ ಮುಂಬಾಗಿಲಿನ ಸೀಳಿನಿಂದ ನಾಲ್ಕು ಬೆರಳು ಒಳಗೆ ಬಂದವು. ಕಿರುಚಿದೆ. ಕಾಗದಗಳು ನೆಲಕ್ಕೆ ಬಿದ್ದವು, ಬೆರಳುಗಳು ಹಿಂದೆ ಸರಿದವು. ಇಲ್ಲಿಯ ಅಂಚೆ ಹೀಗೆ, ಸದ್ದಿಲ್ಲದೆ. ಶಿವಾಜಿನಗರದ ನಮ್ಮ ಪೋಸ್ಟ್‌ಮ್ಯಾನ್ ಬೀದಿಗೆಲ್ಲ ಕೇಳುವಂತೆ ಹೆಸರು ಕೂಗಿಯೇ ಕಾಗದ ಕೊಡುತ್ತಿದ್ದ.

ಎಷ್ಟೋ ಲಕೋಟೆಗಳ ಮೇಲೆ ನಮ್ಮ ಹೆಸರಿರಲಿಲ್ಲ. ‘ಈ ಮನೆಯಲ್ಲಿರುವವರಿಗೆ’ ಎಂದಷ್ಟೇ ಇತ್ತು. ನಿನ್ನ ಹೆಸರಿಲ್ಲದ ಕಾಗದ ಒಡೆಯಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಮೆಟ್ಟಿಲ ಬಳಿ ಅಂಚು ಸರಿಮಾಡಿ ಜೋಡಿಸಿಟ್ಟೆ. ಮುಟ್ಟಬೇಡಿ ಎಂದು ಯಜಮಾನರಿಗೂ ಹೇಳಿದೆ.

ಆಮೇಲೊಬ್ಬ ಅಧಿಕಾರಿ ಬಂದ. ಇಲ್ಲಿ ಮನೆಯಲ್ಲಿ ಟಿವಿ ಇದ್ದರೆ, ಅದು ಯಾರದೇ ಆಗಿರಲಿ, ವಾಸವಿರುವವರು ಅದಕ್ಕೂ ಲೈಸೆನ್ಸ್ ಪಡೆಯಬೇಕು. ಕಾಗದಗಳೆಲ್ಲ ಅದರ ಎಚ್ಚರಿಕೆಗಳೇ. ಟಿವಿ ಮನೆ ಮಾಲೀಕರದು ಎಂದೆ. ಅವನು ನನ್ನ ಹೆಸರು ಬರೆದುಕೊಂಡ. ಚಹಾ ಕೊಡಲೇ ಎಂದದ್ದಕ್ಕೆ, “ಐಯಾಮ್ ಗ್ರ್ಯಾಂಡ್, ಥ್ಯಾಂಕ್ಸ್” ಎಂದು, ಬೇಡವೆನ್ನುವಂತೆ ನಕ್ಕ. ಆ ನಗು ನೋಡಿ ನಿಶ್ಚಿಂತೆಯಾದೆ.

ತಂಗಿಯ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದೆ. ಆ ತಿಂಗಳುಗಳಲ್ಲೇ ಕೋರ್ಟಿನ ಸಮನ್ಸ್ ನನ್ನ ಹೆಸರಿಗೆ ಬಂತು. ಆಸ್ಪತ್ರೆಯ ಡ್ಯೂಟಿಯಿಂದ ದಣಿದು ಬಂದ ಯಜಮಾನರು ಅದನ್ನೂ ಆ ರಾಶಿಯ ಮೇಲೆ, ಅಂಚು ಸರಿಮಾಡಿಯೇ ಇಟ್ಟಿದ್ದರು. ನಾನು ಮರಳುವಷ್ಟರಲ್ಲಿ, ಕೋರ್ಟಿನ ಮೆಟ್ಟಿಲು ಹತ್ತದೆಯೇ, ಅಪರಾಧಿಯಾಗಿದ್ದೆ. ದಂಡ ಕಟ್ಟಿದೆವು. ಮುಗಿಯಿತೆಂದುಕೊಂಡೆವು.

ಎಂಟು ವರ್ಷಗಳಾದವು. ಯಜಮಾನರಿಗೆ ಇಲ್ಲಿಯ ಪೌರತ್ವ ಸಿಕ್ಕಿತು, ಮಗಳು ಝೋಯಾ ಇಲ್ಲೇ ಹುಟ್ಟಿದವಳು, ಅವಳೂ ಇಲ್ಲಿಯ ಪ್ರಜೆಯೇ. ಉಳಿದದ್ದು ನನ್ನ ಅರ್ಜಿ.

“ರೀ, ಯಾವತ್ತಾದ್ರೂ ಕೋರ್ಟಲ್ಲಿ ಶಿಕ್ಷೆ ಆಗಿದ್ಯಾ ಅಂತ ಕೇಳಿದಾರೆ.”

“ಇಲ್ಲ ಅಂತ ಹಾಕು. ಎಂಟು ವರ್ಷ ಆಯ್ತು, ಅಳಿಸಿ ಹೋಗಿರತ್ತೆ. ಟಿವಿ ನೋಡಿದ್ದಕ್ಕೆ ನಿನ್ನ ಕೇಡಿ ಲಿಸ್ಟಲ್ಲಿ ಇಟ್ಕೊಂಡಿರ್ತಾರಾ?”

“ಮ್ಯಾಮ್ಸ್ ಅ ಕ್ರಿಮಿನಲ್!” ಅಮ್ಮ ಅಪರಾಧಿ ಎಂದು ಝೋಯಾ ಐರಿಷ್ ರಾಗದಲ್ಲಿ ನಕ್ಕಳು. ನನಗೆ ನಗು ಬರಲಿಲ್ಲ.

ವಕೀಲೆಯ ಬಳಿ ಹೋದೆ. ಆಕೆ ಮೃದುವಾಗಿಯೇ ಹೇಳಿದಳು: ಸಣ್ಣಪುಟ್ಟ ಶಿಕ್ಷೆಗಳನ್ನು ಏಳು ವರ್ಷದ ಮೇಲೆ ಸಾಮಾನ್ಯ ಕೆಲಸಕ್ಕೋ ವಿಮೆಗೋ ಹೇಳಬೇಕಿಲ್ಲ. ಆದರೆ ದಾಖಲೆ ಅಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡಿರಲು ಅನುಮತಿ ಅಷ್ಟೇ. ಪೌರತ್ವ ಕೇಳುವಾಗ ಆ ಅನುಮತಿಯೂ ಇಲ್ಲ. ಮುಚ್ಚಿಟ್ಟರೆ ತಪ್ಪಿಗಿಂತ ಸುಳ್ಳೇ ದೊಡ್ಡದಾಗುತ್ತದೆ.

“ಹೇಳಿದರೆ ಕೊಡುತ್ತಾರಾ?” ಎಂದೆ.

ಆಕೆ ಪೆನ್ನಿನ ಮುಚ್ಚಳ ಹಾಕಿದಳು. “ಅದು ಅವರ ವಿವೇಚನೆ.”

‘ಹೌದು’ ಎಂದೇ ತುಂಬಿದೆ. ಯಜಮಾನರು ಎರಡು ದಿನ ತಾವೇ ಬಡಿಸಿಕೊಂಡು ಉಂಡರು. ಆಮೇಲೆ, “ನಿನ್ನಿಂದ ಸುಳ್ಳು ಹೇಳ್ಸೋಕೆ ಆಗತ್ತಾ, ಬಿಡು” ಎಂದರು. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ರಸ್ತೆಯಲ್ಲಿ ಗಾರ್ಡಾ, ಎಂದರೆ ಇಲ್ಲಿಯ ಪೊಲೀಸರು, ಎದುರಾದರೆ ಅವರಿಗೆಲ್ಲ ಗೊತ್ತಿದೆ ಎನ್ನಿಸುತ್ತದೆ.

ಕಳೆದ ತಿಂಗಳು ಬೆಂಗಳೂರಿಗೆ ಹೋಗಿದ್ದೆವು. ಅರ್ಜಿಗೆಂದು ಕೇಳಿದ್ದಕ್ಕೆ ಅಲ್ಲಿಯ ಪೊಲೀಸರು ನನ್ನ ಮೇಲೆ ಯಾವ ಕೇಸೂ ಇಲ್ಲವೆಂದು ಸರ್ಟಿಫಿಕೇಟ್ ಕೊಟ್ಟರು. ಅದರಲ್ಲಿದ್ದ ಶಿವಾಜಿನಗರದ ವಿಳಾಸದ ಮನೆಯಲ್ಲಿ ಈಗ ಬೇರೆ ಸಂಸಾರ. ನಾನು ನಿಷ್ಕಳಂಕಳಾಗಿರುವ ಊರಲ್ಲಿ ನನಗೆ ಮನೆಯಿಲ್ಲ.

ಡಬ್ಲಿನ್ನಿನಲ್ಲಿ ಇಳಿದಾಗ ಪಾಸ್‌ಪೋರ್ಟ್ ತಪಾಸಣೆಯ ಸಾಲು ಎರಡಾಯಿತು, ಇಲ್ಲಿಯ ಪ್ರಜೆಗಳಿಗೊಂದು, ಉಳಿದವರಿಗೊಂದು. ಯಜಮಾನರು ನನ್ನ ಜೊತೆ ನಿಲ್ಲಲು ಬಂದರು. ಝೋಯಾ ನಿದ್ದೆಗಣ್ಣಲ್ಲಿದ್ದಳು, ಅವಳನ್ನು ಕರೆದುಕೊಂಡು ಹೋಗಿ ಎಂದೆ. ಅವರಿಬ್ಬರೂ ಕ್ಷಣದಲ್ಲಿ ಗಾಜಿನ ಆಚೆ ಸೇರಿದರು. ನನ್ನ ಸರದಿಯಲ್ಲಿ ಅಧಿಕಾರಿ ಪರದೆ ನೋಡಿದ, ನನ್ನ ಮುಖ ನೋಡಿದ, ಮತ್ತೆ ಪರದೆ ನೋಡಿದ.

“ಮನೆ ಎಲ್ಲಿ?” ಎಂದು ಕೇಳಿದ.

ಬ್ಯೂಮಾಂಟ್ ಎನ್ನಲು ನನಗೆ ತುಸು ಹೊತ್ತು ಹಿಡಿಯಿತು.