ಲೂಸಿಯಾಳ ರಟ್ಟಿನ ಪಾದ

ಡಲ್ಲಾಸ್ ಪಕ್ಕದ ಯೂಲೆಸ್‌ನಿಂದ ಇರ್ವಿಂಗ್‌ಗೆ ಮನೆ ಶಿಫ್ಟ್ ಮಾಡುವಾಗ ಹಳೆಯ ಪುಸ್ತಕವೊಂದರಿಂದ ರಟ್ಟಿನ ಪಾದವೊಂದು ಜಾರಿ ಬಿತ್ತು. ಒಂದು ಬದಿಯಲ್ಲಿ ಬಾಲ್‌ಪೆನ್ನಿನ ಗೆರೆ, ಇನ್ನೊಂದು ಬದಿಯಲ್ಲಿ ರವೆ ಇಡ್ಲಿಯ ಚಿತ್ರ. ಮೂಸಿದೆ. ಇಂಗಿನ ವಾಸನೆ ಇನ್ನೂ ಹೋಗಿಲ್ಲ. ಇದು ಬ್ರೆಜಿಲ್‌ನ ಓಟಗಾರ್ತಿ ಲೂಸಿಯಾಳ ಎಡಗಾಲು ಎಂದರೆ ನೀವು ನಂಬಬೇಕು.

ನಾನು ಹ್ಯೂಸ್ಟನ್‌ನಲ್ಲಿ ಎಂ.ಎಸ್. ಓದುವಾಗ ಅವಳು ನಮ್ಮ ಮೈದಾನದಲ್ಲಿ ಓಡುತ್ತಿದ್ದಳು. ನಾನೋ, ಬಸ್ಸು ತಪ್ಪಿದರೂ ಓಡದವನು. ಆದರೆ ನೂರು ಮೀಟರ್ ಓಟದ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಪಂಡಿತನಾಗಿದ್ದೆ. ಒಂದು ಸಂಜೆ ಬೇಲಿಯಾಚೆಯಿಂದಲೇ ಅವಳ ಮೊಣಕಾಲಿನ ಬಗ್ಗೆ ಸಲಹೆ ಕೊಟ್ಟೆ. ಅವಳು ಬೈಯಲಿಲ್ಲ, ಕಾರಿದೆಯಾ ಎಂದು ಕೇಳಿದಳು. ಹಾಗೆ ನಾನು ಅವಳ ಡ್ರೈವರ್, ವಿಡಿಯೊ ತೆಗೆಯುವವನು, ಬಾಳೆಹಣ್ಣು ಹೊರುವವನು ಎಲ್ಲ ಆದೆ.

ತನ್ನೂರಿನ ಶಾಲೆಯ ಮಣ್ಣಿನ ಟ್ರ್ಯಾಕಿನಲ್ಲಿ ಶುರು ಮಾಡಿ ಸ್ಕಾಲರ್‌ಶಿಪ್ ಹಿಡಿದು ಬಂದವಳು ಅವಳು. ತೊಡೆಯ ಸ್ನಾಯು ಹರಿದು ಎರಡು ವರ್ಷ ಕೂತಿದ್ದಳು. ಆ ಬೇಸಿಗೆ ಉಳಿದಿದ್ದು ಎರಡೇ ಓಟ: ಆಸ್ಟಿನ್, ಆಮೇಲೆ ಡಲ್ಲಾಸ್. ಒಂದರಲ್ಲಾದರೂ ಬೇಕಾದ ಟೈಮ್ ಬಂದರೆ ಬ್ರೆಜಿಲ್‌ನ ರಿಲೇ ತಂಡ. ಇಲ್ಲದಿದ್ದರೆ ಓಟಕ್ಕೇ ಮಂಗಳ.

ಟ್ರಾಫಿಕ್‌ನಲ್ಲಿ ಸಿಕ್ಕಿ ಆಸ್ಟಿನ್‌ಗೆ ತಡವಾಗಿ ತಲುಪಿದೆವು. ಅವಳು ಮೈ ಬಿಸಿ ಮಾಡಿಕೊಳ್ಳುವಷ್ಟರಲ್ಲಿ ಕಾಲೂರಿ ಚಿಮ್ಮುವ ಎರಡು ಸ್ಟಾರ್ಟಿಂಗ್ ಬ್ಲಾಕ್ ಇಡುವ ಕೆಲಸ ನನಗೆ ಬಂತು. ಓಟಗಾರರು ಅದನ್ನು ಪಾದದಲ್ಲೇ ಅಳೆಯುತ್ತಾರೆ: ಗೆರೆಯಿಂದ ಎರಡು ಪಾದಕ್ಕೆ ಮುಂದಿನದು, ಮೂರು ಪಾದಕ್ಕೆ ಹಿಂದಿನದು. ನಾನು ಭಕ್ತಿಯಿಂದ ಅಳೆದೆ, ನನ್ನ ಹನ್ನೊಂದನೇ ನಂಬರ್ ಶೂನಲ್ಲಿ. ಸರಿಯಿದೆಯಾ ಎಂದು ನೋಡಲು ಅವಳಿಗೆ ಸಮಯವಿರಲಿಲ್ಲ. ಗನ್ ಸಿಡಿಯಿತು. ಎಲ್ಲರೂ ಚಿಮ್ಮಿದರು, ಲೂಸಿಯಾ ಮಾತ್ರ ಆಳವಾದ ಸೋಫಾದಿಂದ ಎದ್ದವಳಂತೆ ಹೊರಟಳು. ಕೊನೆಯವಳಾಗಿ ಮುಟ್ಟಿದಳು.

ವಾಪಸು ಬರುವಾಗ ಗ್ಯಾಸ್ ಸ್ಟೇಷನ್ನಿನಲ್ಲಿ ನಿಂತೆವು. ಅವಳು ನನ್ನ ಶೂ ಬಿಚ್ಚಿಸಿ, ಅದರ ಪಕ್ಕ ತನ್ನ ಪಾದ ಇಟ್ಟು ಅಳತೆ ನೋಡಿದಳು.

"ಇದು ಶೂ ಅಲ್ಲ, ದೋಣಿ," ಎಂದು ನಕ್ಕಳು. ಅಳು ಬಂದಿದ್ದು ನನಗೆ. ಡಿಕ್ಕಿಯಲ್ಲಿದ್ದ ಇಡ್ಲಿ ಮಿಕ್ಸಿನ ಪೆಟ್ಟಿಗೆ ಹರಿದು, ಪಾದದ ಗೆರೆ ಎಳೆದು, ಕತ್ತರಿಸಿ ಕೊಟ್ಟಳು. "ಇನ್ಮೇಲೆ ಇದೇ ನಿನ್ನ ಕಾಲು."

ಡಲ್ಲಾಸ್‌ನಲ್ಲಿ ಮೊಣಕಾಲೂರಿ ರಟ್ಟಿನಿಂದ ಮೂರು ಸಲ ಅಳೆದೆ. ಪಕ್ಕದ ಲೇನ್‌ನವರು ನಕ್ಕರು. ಗನ್ ಸಿಡಿದಾಗ ಕಣ್ಣು ಮುಚ್ಚಿಬಿಟ್ಟೆ, ಕ್ಯಾಮೆರಾ ನೆಲಕ್ಕೆ ಬಾಗಿತು; ಹಾಗಾಗಿ ನನ್ನ ಬಾಳಿನ ಅತಿ ಮುಖ್ಯ ವಿಡಿಯೊದಲ್ಲಿ ಬರೀ ಹುಲ್ಲಿದೆ. ಕಣ್ಣು ತೆರೆದರೆ ಅವಳು ಟೈಮ್ ತೋರಿಸುವ ಬೋರ್ಡಿನ ಕೆಳಗೆ ಕೂತು ಅಳುತ್ತಿದ್ದಳು. ಬೋರ್ಡ್ ಓದಿ ನಾನೂ ಪಕ್ಕದಲ್ಲಿ ಕೂತೆ. ಟೈಮ್ ಬಂದಿತ್ತು. ಮುಂದೆ ನಾಲ್ಕು ವರ್ಷ ರಿಲೇಯಲ್ಲಿ ಟ್ರ್ಯಾಕಿನ ತಿರುವಿನಲ್ಲಿ ಓಡುವ ಪಾಳಿ ಅವಳದೇ. ಈಗ ತನ್ನೂರಿನಲ್ಲಿ ಹುಡುಗಿಯರಿಗೆ ಓಟ ಕಲಿಸುತ್ತಾಳೆ.

"ಲೇ ಕೋಚ್ ಸಾಹೇಬ," ಹೊಸ ಮನೆಯ ಮೆಟ್ಟಿಲ ಕೆಳಗಿಂದ ಇಮ್ರಾನ್ ಕರೆದ. ಹುಬ್ಬಳ್ಳಿಯವನು, ಅಂದಿನಿಂದಲೂ ನನ್ನ ರೂಮ್‌ಮೇಟ್. ಈ ಕಥೆ ಅವನಿಗೆ ಬಾಯಿಪಾಠ. "ಬಾಗಲಾ ಅಳದೀ ಇಲ್ಲೋ? ಈ ಸೋಫಾ ಒಳಗ ಹೋಗತೈತಿಲ್ಲ?"

"ಅಳ್ದಿದೀನಿ ಕಣೋ."

"ಯಾರ ಕಾಲಿಲೆ?"

ರಟ್ಟಿನ ಪಾದವನ್ನು ಜೇಬಿಗೆ ಹಾಕಿಕೊಂಡು, ಅಳತೆ ಟೇಪು ಕೇಳಲು ಪಕ್ಕದ ಮನೆಯ ಬಾಗಿಲು ತಟ್ಟಿದೆ.