ದೇವರ ಪೆಟ್ಟಿಗೆಯ ಪಿಸ್ತೂಲು

ಸ್ನೇಹಿತರೇ, ಇವತ್ತು ಹಿಂದೂಪುರದ ಮನೆ ಖಾಲಿ ಮಾಡಿ ಒಬ್ಬನೇ ಗುಬ್ಬಿಗೆ ಬಂದೆ. ಬಸ್ಸಿನಲ್ಲಿ ತೊಡೆಯ ಮೇಲಿದ್ದ ದೇವರ ಪೆಟ್ಟಿಗೆಯಲ್ಲಿ, ವಿಗ್ರಹದ ಕೆಳಗೆ, ತೀರಿಹೋದ ನನ್ನ ಹೆಂಡತಿಯ ಮಡಿಸೀರೆಯಲ್ಲಿ ಸುತ್ತಿದ ಪಿಸ್ತೂಲಿತ್ತು. ಕಡಲೆಕಾಯಿ ಮಿಲ್ಲಿನಲ್ಲಿ ಕ್ಯಾಷಿಯರ್ ಆಗಿದ್ದಾಗ ಕೊಂಡದ್ದು. ಲೈಸೆನ್ಸು ಆಂಧ್ರದ್ದು, ಮೈಸೂರು ರಾಜ್ಯದಲ್ಲಿ ನಡೆಯುವುದಿಲ್ಲ.

ಗಡಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನು ಬಸ್ಸು ಹತ್ತಿದ. ಪೆಟ್ಟಿಗೆಯನ್ನು ಎದೆಗವಚಿಕೊಂಡೆ.

"ಅಕ್ಕಿ ಏನಾರ ಐತಾ?"

ಹೊಸ ಮನೆಯಲ್ಲಿ ಹಾಲುಕ್ಕಿಸಿ ಪಾಯಸ ಮಾಡಲೆಂದು ತಂದಿದ್ದ ಅಕ್ಕಿಯ ಗಂಟನ್ನು ಎತ್ತಿಕೊಂಡ. "ಸ್ಟೇಟ್ ದಾಟಿ ಅಕ್ಕಿ ತಗಂಡೋಗಂಗಿಲ್ಲ, ಗೊತ್ತಿಲ್ವಾ? ಆ ಪೆಟ್ಟಿಗೇಲೇನು?"

"ದೇವ್ರು ಕಣಪ್ಪ. ಮಡೀಲಿದೆ, ಮುಟ್ಬೇಡ."

ಚಾಚಿದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ನಗಬೇಡಿ, ಬೂಟು ಕಳಚಿ ಕೈಮುಗಿದ. "ನನ್ ಮಗಳಿಗೊಂದು ಗಂಡು ಸಿಗ್ಲಿ ಅಂತ ಕೇಳ್ಕಳಿ ಸಾಮಿ" ಎಂದು ಅಕ್ಕಿಯೊಂದಿಗೆ ಇಳಿದುಹೋದ.

ಸಂಜೆ ಬಾಡಿಗೆ ಮನೆಯಲ್ಲಿ ಹಾಲುಕ್ಕಿಸಿದೆ. ಪಾಯಸಕ್ಕೆ ಅಕ್ಕಿಯಿಲ್ಲ, ಮಾಡಿದ್ದರೂ ಕರೆಯಲು ಜನರಿಲ್ಲ. ಪಕ್ಕದ ಮನೆಯಾಕೆ ಹೊಸಿಲಾಚೆಯೇ ನಿಂತು, "ಒಬ್ರೇನಾ? ಹೆಂಗಸ್ರು ಬಂದಿಲ್ವಾ?" ಎಂದರು. "ಒಬ್ನೇ ಕಣಮ್ಮ" ಎಂದೆ. "ಓ" ಎಂದು ಹೊರಟುಹೋದರು.

ಪೆಟ್ಟಿಗೆ ತೆರೆದು ಪಿಸ್ತೂಲು ಹೊರಗಿಟ್ಟೆ. ಪೊಲೀಸಿನವನ ಮಗಳಿಗಾಗಿ ದೇವರನ್ನು ಬೇಡಿಕೊಂಡೆ. ನನಗೆಂದು ಏನು ಕೇಳಬೇಕೋ ಹೊಳೆಯಲಿಲ್ಲ.

ಒಂಟಿ ಮನೆಗೆ ಕಳ್ಳರು ಬಂದಾರೆಂದು ಹೆದರಿ ಈ ಪಿಸ್ತೂಲನ್ನು ರಾಜ್ಯ ದಾಟಿಸಿ ತಂದವನು ನಾನು. ಈಗ ಕೂತು ಬಾಗಿಲು ನೋಡುತ್ತಿದ್ದೇನೆ, ಕಳ್ಳನಾದರೂ ಒಬ್ಬ ಬರಬಾರದೇ ಅನ್ನಿಸುತ್ತಿದೆ.