ಎಳೆ ತೆಗೆಯದೆ ಕೊಟ್ಟ ದಿಂಬಿನ ಕವರುಗಳು

ಆ ಹುಡುಗಿಯ ಮುಖವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ನೋಡಿದ್ದು ಅವಳ ದಿಂಬಿನ ಕವರುಗಳನ್ನು ಮಾತ್ರ.

ಚಳ್ಳಕೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಹಳೆಯ ಬೆಡ್‌ಶೀಟು, ಕರ್ಟನ್ನು, ದಿಂಬಿನ ಕವರುಗಳಿಂದ ಚೀಲ ಹೊಲಿಯುತ್ತೇನೆ. ಕುದಾಪುರದ ವಿಜ್ಞಾನ ಸಂಸ್ಥೆಗಳ ಕ್ಯಾಂಪಸ್ಸುಗಳಿಂದ ಬರುವ ಹೆಂಗಸರು ಚಂದ ಎಂದು ಕೊಳ್ಳುತ್ತಾರೆ. ನಮ್ಮ ಬೀದಿಯವರು, ಯಾರೋ ಹೊದ್ದು ಮಲಗಿದ್ದರಲ್ಲಿ ತರಕಾರಿ ತರುವುದೇ ಎಂದು ಮೂಗು ಮುರಿಯುತ್ತಾರೆ. ಮುರಿಯಲಿ, ಮೂಗು ಅವರದು. ಬಟ್ಟೆ ತಂದುಕೊಡುವವಳು ಒಬ್ಬ ಪಾತ್ರೆಯವಳು. ಮೊಳಕಾಲ್ಮೂರಿನ ಬೀದಿಗಳಲ್ಲಿ ಬುಟ್ಟಿ ಹೊತ್ತು ತಿರುಗಿ, ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಾಳೆ.

ನಮ್ಮ ಕಡೆ ಹೆಂಗಸರು ಹಳೆ ಬಟ್ಟೆಯನ್ನು ಹಾಗೇ ಕೊಡುವುದಿಲ್ಲ. ಅಂಚಿನಿಂದ ಒಂದು ಎಳೆ ಕಿತ್ತಿಟ್ಟುಕೊಂಡು ಕೊಡುತ್ತಾರೆ, ಬಟ್ಟೆಯ ಜೊತೆ ಮನೆಯ ಒಳ್ಳೆಯದೂ ಹೊರಟುಹೋಗಬಾರದೆಂದು. ನಾನು ಇದಕ್ಕೆ ನಗುತ್ತೇನೆ, ಆದರೂ ಮರೆಯದೆ ಕೀಳುತ್ತೇನೆ. ಹಾಗಾಗಿ ಗಂಟು ಬಿಚ್ಚಿದ ಕೂಡಲೇ ನನ್ನ ಕಣ್ಣು ಅಂಚಿಗೇ ಹೋಗುತ್ತದೆ.

ಹೋದ ಆಷಾಢದ ಮೊದಲ ವಾರ ಬಂದ ಗಂಟಿನಲ್ಲಿ ಎರಡು ಹೊಚ್ಚ ಹೊಸ ಬೆಡ್‌ಶೀಟು, ಆರು ದಿಂಬಿನ ಕವರು ಇದ್ದವು. ಕವರುಗಳ ಮೇಲೆ ಹಸಿರು ದಾರದ ಗಿಳಿಗಳು. ಮದುವೆಯಾಗಿ ಹೋಗುವ ಹುಡುಗಿ ಕೂತು ಹಾಕುವಂಥ ಕಸೂತಿ. ಒಂದರಿಂದಲೂ ಎಳೆ ತೆಗೆದಿರಲಿಲ್ಲ. ಆರನೆಯದನ್ನು ಕೊಡವಿದಾಗ ಬೆರಳಿಗೆ ಏನೋ ಚುಚ್ಚಿತು. ಗಿಳಿ ಅರ್ಧಕ್ಕೇ ನಿಂತಿತ್ತು. ಸೂಜಿ, ಅದರಲ್ಲಿ ಪೋಣಿಸಿದ ದಾರ, ಎರಡೂ ಬಟ್ಟೆಯಲ್ಲೇ ಇದ್ದವು.

"ಯಾರೇ ಕೊಟ್ಟಿದ್ದು ಇದನ್ನ?" ಎಂದೆ.

"ಗಂಡಸು ಅಕ್ಕಾ. ಮದ್ವೆ ಆಗಿ ನಾಕು ತಿಂಗ್ಳೂ ಆಗಿಲ್ಲ ಆ ಮನ್ಯಾಗೆ. ಪಾತ್ರೆ ಆರಿಸ್ಕೋ ಅಂದೆ. ಏನೂ ಬ್ಯಾಡ, ತಗಂಡು ಹೋಗು ಅಂದ."

ಇಪ್ಪತ್ತು ವರ್ಷದಿಂದ ಪಾತ್ರೆ ಮಾರುವವಳು. ಪಾತ್ರೆ ಬೇಡ ಎಂದವರು ಅವಳಿಗೆ ಅವನೊಬ್ಬನೇ ಸಿಕ್ಕಿದ್ದು. ಮುಗಿಯದ ಹೊಲಿಗೆಯನ್ನು ಸೂಜಿ ಸಮೇತ ಯಾವ ಹುಡುಗಿ ಬಿಟ್ಟುಕೊಡುತ್ತಾಳೆ?

"ಅನುಮಾನಂ ಪೆದ್ದ ರೋಗಂ ಅಕ್ಕಾ," ಅನುಮಾನವೇ ದೊಡ್ಡ ರೋಗ ಎಂದು ತೆಲುಗಿನಲ್ಲಿ ಹೇಳಿ ನಕ್ಕಳು ಪಾತ್ರೆಯವಳು. ಆದರೂ ಮಾರನೆಯ ದಿನ ನನ್ನ ಜೊತೆ ಬಸ್ಸು ಹತ್ತಿದಳು. ಊರ ಉಸಾಬರಿ ನನಗೇಕೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮಗ್ಗಗಳ ಸದ್ದಿನ ಬೀದಿ. ಆ ಮನೆಯ ಬಾಗಿಲಲ್ಲಿ ರಂಗೋಲಿ ಇರಲಿಲ್ಲ. ಜಗಲಿಯ ಮೇಲೆ ಅವನ ತಾಯಿ ಗಟ್ಟಿಮುಟ್ಟಾಗಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಇನ್ನೂ ಹಳೆ ಬಟ್ಟೆ ಇದ್ದರೆ ಕೊಡಿ, ಮನೆಯ ಹೆಣ್ಣುಮಗಳನ್ನು ಕರೆಯಿರಿ ಎಂದು ನಾನು ಕೇಳಿದಾಗ ತಲೆ ಎತ್ತಲಿಲ್ಲ, ಕೈ ಮಾತ್ರ ಇನ್ನಷ್ಟು ಬಿರುಸಾಯಿತು. ಒಳಗಿನಿಂದ ಅವನೇ ಬಂದ. ನಗುಮುಖದ ಹುಡುಗ. ಕೇಳದಿದ್ದರೂ ಒಂದು ಚೊಂಬು ನೀರು ತಂದುಕೊಟ್ಟ.

"ಆಷಾಢ ಅಲ್ವೇನ್ರೀ, ತವರಿಗೆ ಹೋಗ್ಯಾಳೆ. ಹೊಸ ಮಂಚ ತಂದೀವಿ, ಅದಕ್ಕೇ ಹಳೇವು ಕೊಟ್ಟೆ."

ಮೊದಲ ಆಷಾಢಕ್ಕೆ ಮದುಮಗಳು ತವರಲ್ಲಿರದೆ ಇನ್ನೆಲ್ಲಿರುತ್ತಾಳೆ? ನನಗೆ ನಾಚಿಕೆಯಾಯಿತು. ಒಳ್ಳೆಯ ಹುಡುಗನ ಮೇಲೆ ಏನೇನೋ ಎಣಿಸಿದೆನಲ್ಲ ಎಂದು ನೀರು ಕುಡಿದು ಬಂದೆ. ಸೂಜಿಯನ್ನು ಡಬ್ಬಿಗೆ ಹಾಕಿ ಚೀಲ ಹೊಲಿದೆ. ಅರ್ಧ ಗಿಳಿಯನ್ನು ಮುಂಭಾಗಕ್ಕೇ ಇಟ್ಟೆ, ಅದೂ ಒಂದು ಅಂದವೆಂದು.

ಆಷಾಢ ಮುಗಿಯಲು ಎರಡು ದಿನವಿದ್ದಾಗ, ತಳಕಿನ ಕಡೆಯ ಹೆಂಗಸೊಬ್ಬಳು ಬಸ್ಸಿಗೆ ಹೊತ್ತಿದೆಯೆಂದು ನನ್ನ ಬಾಗಿಲಲ್ಲಿ ನೆರಳಿಗೆ ನಿಂತಳು. ನೇತುಹಾಕಿದ್ದ ಚೀಲ ನೋಡಿದವಳೇ ಮುಖ ಅರಳಿಸಿಕೊಂಡು ಒಳಗೆ ಬಂದಳು.

"ಅಕ್ಕಾ, ಇದು ನನ್ನ ಮಗಳ ಕೈ! ಕೊಕ್ಕು ಹಿಂಗೆ ಹಿಂದಕ್ಕೆ ತಿರುಗ್ಸದು ನಾನೇ ಕಲ್ಸಿದ್ದು. ಮೊಳಕಾಲ್ಮೂರಿಗೆ ಕೊಟ್ಟೀವಿ ಅವಳ್ನ. ಅವಳೇ ಕೊಟ್ಲೇನ್ರೀ ನಿಮಗೆ? ಹೆಂಗದಾಳೆ? ಮೈ ಕೈ ತುಂಬ್ಕಂಡಾಳಾ?"

ನಾನು ಮೆಷಿನ್ ನಿಲ್ಲಿಸಿದೆ. "ನಿಮ್ಮನೆಗೇ ಬಂದಾಳಲ್ರೀ, ಆಷಾಢಕ್ಕೆ."

ಅವಳ ನಗು ಇನ್ನೂ ಮುಖದ ಮೇಲಿತ್ತು. "ಇಲ್ಲ ಕಣಕ್ಕ. ಅವಳ ಅತ್ತೆ ಹಾಸಿಗೆ ಹಿಡಿದೈತಂತೆ, ನೋಡ್ಕಳಾಕೆ ಯಾರೂ ಇಲ್ಲ, ಈ ಸಲ ಕಳ್ಸಲ್ಲ ಅಂದ ಅಳಿಯ. ಇವಳ ಫೋನೂ ಕೆಟ್ಟೈತಂತೆ."

ಜಗಲಿಯ ಮೇಲೆ ಕೂತಿದ್ದ ಆ ಗಟ್ಟಿ ಮುದುಕಿಯ ವಿಷಯ ನಾನು ಹೇಳಲೇಬೇಕಾಯಿತು. ಹೇಳಿದೆ. ರಂಗೋಲಿ ಇಲ್ಲದ ಬಾಗಿಲು, ಬೇಡವೆಂದ ಪಾತ್ರೆ, ಸೂಜಿ, ಎಲ್ಲವನ್ನೂ ಹೇಳಿದೆ. ಅವಳು ಚೀಲವನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು. ಕೈ ಹಿಡಿದು ಎಬ್ಬಿಸಿ, ಬಾಗಿಲು ಹಾಕಿ, ಪೊಲೀಸ್ ಠಾಣೆಯ ಕಡೆ ಹೊರಟೆವು.

ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು. "ನೀವು ಆ ಮನೆಗೆ ಹೋಗಿ ಎಷ್ಟು ದಿನ ಆತು?"

ಬೆರಳು ಮಡಚಿ ಎಣಿಸಿದೆ. ಇಪ್ಪತ್ತೊಂದು. ಅಷ್ಟೂ ದಿನ ಹುಡುಗಿ ತವರಲ್ಲಿದ್ದಾಳೆಂದು ನಾನು, ಗಂಡನ ಮನೆಯಲ್ಲಿದ್ದಾಳೆಂದು ಅವಳ ಅವ್ವ, ಇಬ್ಬರೂ ನೆಮ್ಮದಿಯಾಗಿದ್ದೆವು.